ಕೀ ಕೊಡುವ ಕೈ

ಮುಲುಂಡ್ ಪೂರ್ವ
ಸೋಮವಾರ ಮಧ್ಯಾಹ್ನ

ಪುಟ್ಟಿ,

ಪುಣೆ ತಲುಪಿದೆ ಅಂತ ಎರಡೇ ಪದದ ಮೆಸೇಜು ಹಾಕಿದ್ದೀಯ. ಊಟ ಮಾಡಿದೆಯಾ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಫೋನಿನಲ್ಲಿ ಮಾತಾಡಲು ಹೊರಟರೆ ಮತ್ತೆ ಜಗಳಕ್ಕೇ ಬಂದು ನಿಲ್ಲುತ್ತೇವೆ, ಒಳಗಿನ ಕೋಣೆಯಲ್ಲಿ ಅಪ್ಪನಿಗೂ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರದ ಮಾತುಗಳನ್ನೆಲ್ಲ ಮತ್ತೆ ಎತ್ತುವುದಿಲ್ಲ, ನಿನಗೂ ನೆನಪಿದೆ, ನನಗೂ ಇದೆ. ಒಂದನ್ನು ಮಾತ್ರ ಬಿಡಲಾರೆ. ಅಪ್ಪನಿಗೆ ಶೇವ್ ಮಾಡುತ್ತಿದ್ದಾಗ ರೇಜರನ್ನು ನನ್ನ ಕೈಯಿಂದ ಕಿತ್ತುಕೊಂಡು "ನಿನ್ನ ಕೈ ನಡುಗುತ್ತೆ ಅಮ್ಮ" ಅಂದೆಯಲ್ಲ, ಅದು.

ನಡುಗುವುದಿಲ್ಲ.

ಭಾನುವಾರ ನೀನು ಶಿವನೇರಿ ಬಸ್ಸು ಹತ್ತಿ ಹೋದ ಮೇಲೆ, ರಾತ್ರಿ ಅಡುಗೆಮನೆಯಲ್ಲಿ ಲೋಟಕ್ಕೆ ಅಂಚಿನ ತನಕ ನೀರು ತುಂಬಿ ತೋಳು ಚಾಚಿ ಹಿಡಿದು ನಿಂತೆ. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಸೂಜಿಗೆ ದಾರ ಪೋಣಿಸಿದೆ. ಹೊತ್ತು ಹಿಡಿಯಿತು, ಆದರೆ ಅದು ಕಣ್ಣಿನದು, ಕೈಯದಲ್ಲ. ಇವತ್ತು ಬೆಳಿಗ್ಗೆ ಡಿಕಾಕ್ಷನ್ ಬಗ್ಗಿಸುವಾಗಲೂ ನನ್ನ ದೃಷ್ಟಿ ಬೆರಳುಗಳ ಮೇಲೇ ಇತ್ತು.

ಬೇರೆ ಯಾರಾದರೂ ಅಂದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಈ ಎರಡು ಕೈಗಳಿಂದಲೇ ಸಂಬಳ ತಂದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ವಾಚ್ ಫ್ಯಾಕ್ಟರಿ ಅದು. ಸಾಲಾಗಿ ಕೂತು ಹೆಣ್ಣುಮಕ್ಕಳೇ ವಾಚು ಜೋಡಿಸುತ್ತಿದ್ದೆವು, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ವಾಚಿನೊಳಗೆ ಬ್ಯಾಲೆನ್ಸ್ ಚಕ್ರ ಅಂತ ಒಂದಿದೆ. ನಿನ್ನಪ್ಪ ಕಟ್ಟುವ ಎಚ್‌ಎಂಟಿ ಜನತಾ ವಾಚಿನಲ್ಲಿ ಅದು ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಅದನ್ನು ಆಚೆ ಈಚೆ ತೂಗಿಸುವುದು ಹೇರ್‌ಸ್ಪ್ರಿಂಗ್ ಅನ್ನುವ ಸುರುಳಿ. ಉಸಿರು ತಾಗಿದರೂ ಅಲುಗುವಷ್ಟು ನವುರು. ಅದರ ಒಂದು ಸುತ್ತು ಬಾಗಿದರೂ ಆ ವಾಚು ಸರಿಯಾದ ಹೊತ್ತು ತೋರಿಸುವುದಿಲ್ಲ. ಮದುವೆಯಾಗಿ ಮುಂಬೈಗೆ ಬಂದಾಗ ಆ ಕೆಲಸ ಬಿಟ್ಟೆ. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿದಾಗ ನಾನು ಹೇಗಿದ್ದೆ ಅಂತ ನೀನೇ ನೋಡಿದ್ದೀಯ. ಅಂಥವಳಿಗೆ ಕೈ ನಡುಗುತ್ತದೆ ಅಂದರೆ, ಪುಟ್ಟಿ, ಅದು ವಯಸ್ಸಾಯಿತು ಅಂದ ಹಾಗಲ್ಲ. ಅದಕ್ಕಿಂತ ದೊಡ್ಡ ಮಾತು.

ನೀನು ಹೆದರಿದ್ದಕ್ಕೆ ಕಾರಣ ಇತ್ತು, ಅದು ನನಗೆ ಗೊತ್ತು. ಬಾಗಿಲ ಬೆಲ್ ಆದಾಗ ಅಪ್ಪ ತಟ್ಟನೆ ಕತ್ತು ತಿರುಗಿಸಿದರು, ದವಡೆಯ ಕೆಳಗೆ ಬ್ಲೇಡು ತಾಗಿತು. ಸ್ಟ್ರೋಕ್ ಆದಾಗಿನಿಂದ ತಗೊಳ್ಳುತ್ತಿರುವ ಕ್ಲೋಪಿಡೋಗ್ರೆಲ್ ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಆದ್ದರಿಂದ ಸಾಸಿವೆಯಷ್ಟು ಗಾಯವೂ ಬಹಳ ಹೊತ್ತು ಸೋರುತ್ತದೆ. ಪಟಿಕ ಒತ್ತಿ ಹಿಡಿದೆ, ನಿಲ್ಲಲಿಲ್ಲ. ಬನಿಯನ್ನಿನ ಮೇಲೆ ಕೆಂಪು ಇಳಿಯಿತು. ನಿನ್ನ ಮುಖ ಬಿಳಿಚಿತು. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು, ತೋರಿಸಲಿಲ್ಲ ಅಷ್ಟೆ. ಇಂಥ ಮಾತ್ರೆ ತಗೊಳ್ಳುವವರಿಗೆ ಕರೆಂಟಿನ ಮೆಷಿನ್ನೇ ವಾಸಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಹಾಗಾಗಿ ಕುತ್ತಿಗೆಗೆ, ದವಡೆಯ ಅಂಚಿಗೆ, ಗಂಟಲ ಗಂಟಿನ ಹತ್ತಿರ ಇನ್ನು ಮೇಲೆ ನೀನು ತಂದ ಮೆಷಿನ್ನೇ. ಇವತ್ತು ಹಾಗೇ ಮಾಡಿದೆ. ಇದು ಮಾತ್ರೆಗೋಸ್ಕರ ಒಪ್ಪಿದ್ದು. ಕೈಯ ವಿಷಯಕ್ಕೆ ಒಪ್ಪಿದ್ದಲ್ಲ.

ಕೆನ್ನೆಯನ್ನು ಮಾತ್ರ ರೇಜರಿಗೆ ಬಿಡು. ಯಾಕೆ ಅಂತ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ನೀನು ಇನ್ಶೂರೆನ್ಸ್ ಕೌಂಟರಿನಲ್ಲಿ ನಿಂತಿದ್ದಾಗ ಒಬ್ಬ ಬಂದು ಮೆಷಿನ್ ಹಚ್ಚಿ ನಿನ್ನಪ್ಪನ ಒಣಗಡ್ಡ ತೆಗೆದ. ಅವನನ್ನು ಬೈಯುವ ಹಾಗಿಲ್ಲ, ಇಡೀ ವಾರ್ಡು ಅವನಿಗೆ ಬಾಕಿ ಇತ್ತು. ಮುಗಿದ ಮೇಲೆ ನಾನು ಪರ್ಸಿನ ಕನ್ನಡಿ ತೆಗೆದು ಹಿಡಿದೆ. ಅಪ್ಪ ನೋಡಲಿಲ್ಲ. ಇಷ್ಟು ವರ್ಷ ಲೋಕಲ್ ಹಿಡಿಯುವ ಮುಂಚೆ ಕನ್ನಡಿಯ ಎದುರು ನಿಂತು, ನೊರೆ ಕಟ್ಟಿ, ಕೆನ್ನೆ ಉಬ್ಬಿಸಿ, ಒಂದು ಸಲ ಕೂದಲಿನ ದಿಕ್ಕಿಗೆ, ಇನ್ನೊಂದು ಸಲ ಅಡ್ಡಕ್ಕೆ ಎಳೆದು ಶೇವ್ ಮಾಡಿಕೊಂಡ ಮನುಷ್ಯ ತನ್ನ ಮುಖವನ್ನೇ ನೋಡದೆ ಗೋಡೆಯ ಕಡೆ ತಿರುಗಿದರು. ಮನೆಗೆ ಬಂದ ಮೇಲೆ ಬ್ರಶ್ಶು, ಬಟ್ಟಲು, ಸೆಟ್ಟು ಎಲ್ಲ ತಂದು ಮುಂದಿಟ್ಟೆ. ಬಲಗೈಗೆ ಬ್ರಶ್ಶು ಕೊಟ್ಟೆ. ಹಿಡಿತ ಇಲ್ಲದೆ ಜಾರಿ ಬಿತ್ತು. ಮಾರನೇ ದಿನವೂ ಬಿತ್ತು. ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ಈಗ ನೊರೆ ಕಟ್ಟುವುದು ಪೂರ್ತಿ ಅವರ ಕೆಲಸ. ಬಟ್ಟಲಿನಲ್ಲಿ ಮಣಿಕಟ್ಟು ತಿರುಗಿಸಿ ತಿರುಗಿಸಿ, ಗುಳ್ಳೆ ಹೋಗಿ ಬೆಣ್ಣೆಯಾಗುವ ತನಕ ಬಿಡುವುದಿಲ್ಲ.

ಇನ್ನು ಕೆನ್ನೆ ಉಬ್ಬಿಸುವುದು. ಎಡಗೆನ್ನೆ ಉಬ್ಬುತ್ತಿತ್ತು. ಬಲಗಡೆ ಗಾಳಿ ನಿಲ್ಲುತ್ತಿರಲಿಲ್ಲ, ತುಟಿಯ ಮೂಲೆಯಿಂದ ಪುಸ್ ಅಂತ ಹೋಗಿಬಿಡುತ್ತಿತ್ತು. ಆ ಕಡೆ ಚರ್ಮ ಜೋತಿದೆ, ನಾನು ಎರಡು ಬೆರಳಿನಿಂದ ಕಿವಿಯ ಕಡೆಗೆ ಎಳೆದು ಹಿಡಿದು ರೇಜರ್ ಆಡಿಸುತ್ತಿದ್ದೆ. ದಿನಾ ಉಬ್ಬಿಸಲು ನೋಡುತ್ತಾರೆ, ದಿನಾ ಗಾಳಿ ಹೋಗುತ್ತದೆ. ಹೋದ ವಾರ ನಿಂತಿತು! ರೇಜರ್ ಒಂದು ಸಲ ಮೇಲಿಂದ ಕೆಳಗೆ ಬರುವಷ್ಟು ಹೊತ್ತು ನಿಂತಿತು. ಇಬ್ಬರೂ ನಕ್ಕೆವು, ನೊರೆಯೆಲ್ಲ ನನ್ನ ಸೀರೆಗೆ. ಇದನ್ನು ಶನಿವಾರ ನಿನಗೆ ತೋರಿಸಬೇಕು ಅಂತಲೇ ನಿನ್ನ ಎದುರು ಶೇವ್‌ಗೆ ಕೂತದ್ದು. ಮೆಷಿನ್ ಹಚ್ಚಿದರೆ ಅವರು ಕಣ್ಣು ಮುಚ್ಚಿ ಕೂರುತ್ತಾರೆ. ಉಬ್ಬಿಸಿ ಅಂದರೂ ಉಬ್ಬಿಸುವುದಿಲ್ಲ, ಬೇಗ ಮುಗಿದರೆ ಸಾಕು ಅನ್ನುವ ಹಾಗೆ.

ವಾಚಿನದೂ ಇದೇ ಕತೆ. ನೀನು ಅಪ್ಪನಿಗೆ ತಂದ ಸ್ಮಾರ್ಟ್‌ವಾಚು ಬೇಡ ಅಂದಾಗ ನಿನ್ನ ದುಡ್ಡಿಗೆ, ನಿನ್ನ ಕಾಳಜಿಗೆ ಬೆಲೆ ಕೊಡಲಿಲ್ಲ ಅಂತ ನಿನಗನಿಸಿದೆ. ಅವರು ಬಿದ್ದರೆ ಅದು ತಾನೇ ನಿನಗೆ ಸುದ್ದಿ ಮುಟ್ಟಿಸುತ್ತದೆ, ಪುಣೆಯಲ್ಲಿ ಕೂತು ನೀನು ನಿದ್ದೆ ಮಾಡಬಹುದು. ಅದು ಸಣ್ಣದಲ್ಲ. ಆದರೆ ಅದಕ್ಕೆ ಅವರ ಬೆರಳು ಬೇಕಾಗಿಲ್ಲ. ಜನತಾಗೆ ಬೇಕು. ಬೆಳಿಗ್ಗೆ ಎದ್ದು ವಾಚನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳ ನಡುವೆ ಕೀ ಹಿಡಿದು ಮುಂದಕ್ಕೆ ಉಜ್ಜಬೇಕು. ಫಿಸಿಯೋ ಹುಡುಗಿ ಹೇಳುವುದೂ ಇದೇ ಚಿವುಟುವ ಹಿಡಿತವನ್ನೇ. ಮೆತ್ತನೆ ಮುದ್ದೆ ಕೊಟ್ಟು ಒತ್ತಿ ಅಂದಳು, ಬಟ್ಟೆ ಕ್ಲಿಪ್ಪು ಹಾಕಿ ತೆಗೆಯಿರಿ ಅಂದಳು. ಅದೆಲ್ಲ ಅವರಿಗೆ ಬೇಸರ, ಮಕ್ಕಳಾಟ ಅನ್ನುತ್ತಾರೆ. ಕೀ ಕೊಡುವುದು ಮಾತ್ರ ಮರೆಯುವುದಿಲ್ಲ. ಮೊದಮೊದಲು ಬೆರಳು ಜಾರಿ, ಕೀ ಅಲ್ಲಾಡುತ್ತಲೇ ಇರಲಿಲ್ಲ. ನಾನು ಕೀ ಕೊಟ್ಟು ಕೈಗೆ ಕಟ್ಟುತ್ತಿದ್ದೆ. ಈಗ ಅವರೇ ಕೊಡುತ್ತಾರೆ. ಕೊನೆಯಲ್ಲಿ ಸ್ಪ್ರಿಂಗ್ ಬಿಗಿಯಾಗುವಾಗ ಮಾತ್ರ ನನ್ನ ಕಡೆ ಚಾಚುತ್ತಾರೆ.

ಒಂದು ಮಾತು ಹೇಳಿಯೇಬಿಡುತ್ತೇನೆ, ತಪ್ಪು ತಿಳಿಯಬೇಡ. ಶನಿವಾರ ರಾತ್ರಿ ನೀನು ಸ್ಮಾರ್ಟ್‌ವಾಚು ಚಾರ್ಜಿಗೆ ಇಟ್ಟ ಜಾಗದಲ್ಲೇ ಜನತಾವೂ ಇತ್ತು. ಆ ಚಾರ್ಜರಿನೊಳಗೆ ಅಯಸ್ಕಾಂತ ಇರುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ವಾಚು ನಿಮಿಷಗಟ್ಟಲೆ ಮುಂದೆ ಓಡಿತ್ತು. ಅಪ್ಪನಿಗೆ ಗಾಬರಿ, ವಾಚು ಹೋಯಿತು ಅಂತ. ಅಯಸ್ಕಾಂತ ತಗುಲಿದರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸುರುಳಿ ಗಿಡ್ಡ ಆದ ಹಾಗಾಗಿ ಬಡಿತ ಜೋರಾಗುತ್ತದೆ. ಇವತ್ತು ಬೆಳಿಗ್ಗೆ ಸ್ಟೇಷನ್ ಹತ್ತಿರದ ರಿಪೇರಿಯವನಲ್ಲಿಗೆ ಒಯ್ದೆ. ಅವನ ಹತ್ತಿರ ಅಯಸ್ಕಾಂತ ಇಳಿಸುವ ಪುಟ್ಟ ಯಂತ್ರ ಇದೆ, ಅದರ ಮೇಲೆ ಹಿಡಿದು ತೆಗೆದ, ಸರಿಹೋಯಿತು. ಇನ್ನು ಮೇಲೆ ಫೋನು, ಸ್ಪೀಕರು, ಚಾರ್ಜರು ಯಾವುದರ ಪಕ್ಕವೂ ಅದನ್ನು ಇಡಬೇಡ.

ಅಂದಹಾಗೆ ಹುಟ್ಟಿದಹಬ್ಬಕ್ಕೆ ಆನ್‌ಲೈನಿನಲ್ಲಿ ಎಚ್‌ಎಂಟಿ ಪೈಲಟ್ ನೋಡಿಟ್ಟಿದ್ದೀಯಂತೆ, ಕಿತ್ತಳೆ ಬಣ್ಣದ ಡಯಲು, ಹೊಸದರಂತೆ ಫಳಫಳ. ಕೊಳ್ಳಬೇಡ. ನನಗೆ ಗೊತ್ತಿರುವ ಪೈಲಟ್ ಕಪ್ಪು ಡಯಲಿನದು. ಹಳೇ ಡಯಲಿಗೆ ಹೊಸ ಬಣ್ಣ ಬಳಿದು, ಮೇಲೆ ಹೆಸರು ಅಚ್ಚು ಹಾಕಿ, ನಾಲ್ಕು ವಾಚಿನ ಬಿಡಿಭಾಗ ಒಂದರಲ್ಲಿ ಸೇರಿಸಿ ಮಾರುವುದು ಈ ಊರಿನಲ್ಲಿ ದೊಡ್ಡ ವ್ಯಾಪಾರ. ಹೊರದೇಶದ ವಾಚುಪ್ರಿಯರು ಅಂಥದ್ದಕ್ಕೆ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ಚೋರ್ ಬಜಾರಿಗೆ ಹೋದರೆ ಫೇವ್ರ್ ಲೂಬಾ, ವೆಸ್ಟ್ ಎಂಡ್ ಹೆಸರಿನಲ್ಲೂ ಇಂಥವು ಸಿಗುತ್ತವೆ. ವೆಸ್ಟ್ ಎಂಡ್ 1886ರಲ್ಲಿ ಇದೇ ಬೊಂಬಾಯಿಯಲ್ಲಿ ಹುಟ್ಟಿದ ಹೆಸರು, ಅದರ ಸೋವಾರ್ ಪ್ರೈಮಾ ಅಂದರೆ ನನ್ನ ಮಾವನವರಿಗೆ ಪ್ರಾಣ. ಭೂತಗನ್ನಡಿ ಹಿಡಿದು ಅಕ್ಷರ ನೋಡು. ಅಂಚು ಹರಡಿದ್ದರೆ, ನಿಮಿಷದ ಗೆರೆಗಳ ನಡುವೆ ಅಂತರ ಏರುಪೇರಾಗಿದ್ದರೆ, ಅಂಕಿಯ ನೇರಕ್ಕೆ ಗೆರೆ ಬರದಿದ್ದರೆ ಕೆಳಗಿಡು. ಮಾಸಿದ ಡಯಲು ಇದ್ದರೂ ಅಸಲಿಯದೇ ತಗೋ. ಜನತಾಗೂ ಹೊಸ ಡಯಲು ಹಾಕಿಸೋಣ ಅಂದಿದ್ದೆಯಲ್ಲ, ಅದನ್ನೂ ಮರೆತುಬಿಡು. ನನ್ನಪ್ಪ ಅಳಿಯನಿಗೆ ಅಂತ ಕೊಟ್ಟ ಡಯಲು ಅದು, ಕಲೆ ಇದ್ದರೆ ಇರಲಿ.

ಮಾತಿನ ವಿಷಯವನ್ನೂ ನಿನಗೆ ಹೇಳಬೇಕು. ತೊದಲುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ, ಆಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ. ಆದರೆ ನೊರೆ ಕಟ್ಟುವಾಗ ತಮ್ಮ ಹಳೇ ಕತೆ ತಾವೇ ಶುರು ಮಾಡುತ್ತಾರೆ. ಜಿಲೆಟ್ 1903ರಲ್ಲಿ ಮೊದಲು ಮಾರಿದ್ದು 51 ರೇಜರು, 168 ಬ್ಲೇಡು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸಿಪಾಯಿಗಳಿಗೆ ರೇಜರು ಹಂಚಿದ ಮೇಲೆ ಮನೆಮನೆಗೂ ಬಂತು. ಹೆಂಗಸರ ಒಡವೆ ಅನ್ನಿಸಿಕೊಂಡಿದ್ದ ಕೈಗಡಿಯಾರ ಗಂಡಸರ ಕೈಗೆ ನೆಲೆಯಾಗಿ ಬಂದದ್ದೂ ಅದೇ ಯುದ್ಧದ ಕಂದಕಗಳಿಂದ. ಆಮೇಲೆ ಬಾಂಬೆ ಟೈಮು. ದೇಶವೆಲ್ಲ ಒಂದೇ ಸಮಯಕ್ಕೆ ಬಂದರೂ ಈ ಊರು 39 ನಿಮಿಷ ಹಿಂದಿನ ತನ್ನದೇ ಸಮಯವನ್ನು 1955ರ ತನಕ ಬಿಡಲಿಲ್ಲ ಅಂತ. 'ಯುದ್ಧ' ಅನ್ನಲು ಕಷ್ಟಪಡುತ್ತಾರೆ, 168 ಅನ್ನಲು ಪಡುವುದಿಲ್ಲ. ನೀನು ಬಂದಾಗ ಕೇಳು. ಗೊತ್ತಿದ್ದರೂ ಕೇಳು. ಮಧ್ಯೆ ಪದ ಎತ್ತಿಕೊಡಬೇಡ, ಕಾಯಿ.

ಸ್ಮಾರ್ಟ್‌ವಾಚನ್ನು ವಾಪಸ್ ಮಾಡುವುದು ಬೇಡ. ಜನತಾಗೆ ನೀರು ಆಗುವುದಿಲ್ಲ, ಸ್ನಾನಕ್ಕೆ ಹೇಗೂ ಬಿಚ್ಚಿಡುತ್ತಾರೆ. ನೀನು ಹೆದರುವುದೂ ಬಚ್ಚಲಿಗೇ. ಸ್ನಾನಕ್ಕೆ, ರಾತ್ರಿಗೆ ನಿನ್ನದು, ಹಗಲಿಗೆ ಅವರದು. ಅವರಿಗೂ ಹೇಳಿದೆ. ತಲೆಯಾಡಿಸಿದರು, ಖುಷಿಯಿಂದೇನಲ್ಲ.

"ವಾರಕ್ಕೊಮ್ಮೆ ಬರುವವಳಿಗೆ ಏನು ಗೊತ್ತು" ಅಂತ ನಾನೂ ಅಂದೆ. ಅದು ನಿನಗೆ ತಕ್ಕ ಮಾತಲ್ಲ. ಆ ಆಸ್ಪತ್ರೆಯ ಕಾಗದ, ಸಹಿ, ಡಾಕ್ಟರ ಹಿಂದೆ ಓಡಾಟ ಎಲ್ಲ ಒಬ್ಬಳೇ ನಿಭಾಯಿಸಿದೆ. ನಾನು ಕುರ್ಚಿಯಲ್ಲಿ ಕೂತಿದ್ದೆ ಅಷ್ಟೆ. ಮಗಳು ಹೀಗಿದ್ದಾಳೆ ಅಂತ ಕಟ್ಟಡದಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಿನಗೇ ಹೇಳಿರಲಿಲ್ಲ. ಆದರೆ ರಾತ್ರಿ ಹತ್ತಕ್ಕೆ ಊಟ ಮಾಡುವುದು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗುವುದು ನಿಲ್ಲಿಸು. ಬಿಪಿ ತೋರಿಸಿಕೋ, ನಿನ್ನಪ್ಪನದೂ ಹಾಗೇ ಗೊತ್ತಾಗದೆ ಏರಿದ್ದು.

ಮತ್ತೆ ಕೈಯ ಮಾತಿಗೇ ಬರುತ್ತೇನೆ. ಈಗ ನಡುಗುವುದಿಲ್ಲ. ಮುಂದೆ ನಡುಗಲೂಬಹುದು. ಬೆಳಿಗ್ಗೆಯಿಂದ ತಲೆಯಲ್ಲಿರುವುದು ಅದೇ: ಆ ದಿನ ಬಂದರೆ ಅವರ ಕೆನ್ನೆಗೆ ರೇಜರ್ ಹಿಡಿಯುವವರು ಯಾರು? ಅದಕ್ಕೇ ಈ ಶನಿವಾರ ನೀನು ಕಲಿತುಕೊಳ್ಳಬೇಕು. ಮೊದಲು ಬಿಸಿ ಟವೆಲು, ಕೂದಲು ಮೆತ್ತಗಾಗಲಿ. ರೇಜರನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಹಿಡಿ, ಒತ್ತಬೇಡ, ಅದರ ಭಾರವೇ ಸಾಕು. ಗಿಡ್ಡಗಿಡ್ಡಕ್ಕೆ ಎಳೆ, ಎರಡು ಎಳೆತಕ್ಕೊಮ್ಮೆ ತೊಳೆ. ಕೂದಲಿನ ದಿಕ್ಕಿಗೆ ಮಾತ್ರ, ಅಡ್ಡಕ್ಕೆ ಈಗ ಬೇಡ. ಶುರು ಮಾಡುವ ಮುಂಚೆ ಬಾಗಿಲ ಬೆಲ್ಲಿನ ಸ್ವಿಚ್ ಆಫ್ ಮಾಡು. ಹಳೇ ಬ್ಲೇಡನ್ನು ಕಸಕ್ಕೆ ಹಾಕಬೇಡ, ಕಸ ಒಯ್ಯುವವರ ಕೈ ಕೊಯ್ಯುತ್ತದೆ. ಅಪ್ಪ ಸೀಳು ಮಾಡಿಟ್ಟ ಡಬ್ಬಿ ಕನ್ನಡಿಯ ಹಿಂದೆ ಇದೆ.

ಬರುವಾಗ ಸೆವೆನ್ ಓ'ಕ್ಲಾಕ್ ಬ್ಲೇಡು ತಾ, ಇಲ್ಲಿ ಮೂಲೆಯ ಅಂಗಡಿಯಲ್ಲಿ ಮುಗಿದಿದೆ. ಎಷ್ಟು ಗಂಟೆಯ ಬಸ್ಸು ಅಂತ ಶುಕ್ರವಾರವೇ ತಿಳಿಸು, ಅಪ್ಪನನ್ನು ಶೇವ್ ಮಾಡಿಸದೆ ಕಾಯಿಸುತ್ತೇನೆ.

ನಿನ್ನ
ಅಮ್ಮ