ತರಗೆಲೆಯ ಸದ್ದು ಕೇಳಿಸಿದವರಿಗೆ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ನೆಲದ ಮೇಲೆ ಬಾಳುವ ಹಕ್ಕಿಗಳ, ಮುಖ್ಯವಾಗಿ ಬಣ್ಣದ ಚಿಟ್ಟುಕೋಳಿಯ, ಇರುನೆಲೆಯನ್ನು ಕುರಿತು ನಾನು ಬರೆದ ಪಿಎಚ್‌.ಡಿ. ಪ್ರಬಂಧಕ್ಕೆ ಕಳೆದ ವಾರ ಅಂಗೀಕಾರ ದೊರೆಯಿತು. ಪ್ರಬಂಧದ ಮೊದಲ ಪುಟಗಳಲ್ಲಿ ಹೆಸರುಗಳನ್ನು ಬರೆದಿದ್ದೇನಾದರೂ, ಯಾರಿಂದ ಏನು ದಕ್ಕಿತೆಂಬುದನ್ನು ಅಲ್ಲಿ ಹೇಳಲಾಗಲಿಲ್ಲ.

ಮೊದಲ ನಮಸ್ಕಾರ ಬೆಟ್ಟದ ತಪ್ಪಲಿನ ಕಾಡುಗೊಲ್ಲರ ಹಟ್ಟಿಯ ಹಿರಿಯರೊಬ್ಬರಿಗೆ, ನಾನು ಅಜ್ಜ ಎಂದೇ ಕರೆಯುವ ಕುರಿಗಾಹಿಗೆ. ಮೊದಲ ವರ್ಷ ಬಡಗಣ ಇಳಿಜಾರಿನಲ್ಲಿ ಮೂರು ಬೆಳಗು ನಡೆದು, ಒಂದು ಚಿಟ್ಟುಕೋಳಿಯೂ ಕಾಣದಿದ್ದುದರಿಂದ, ಆ ಜಾಗದ ಮುಂದೆ ‘ಇಲ್ಲ’ ಎಂದು ಬರೆದುಕೊಂಡಿದ್ದೆ. ಅದನ್ನು ಕೇಳಿದ ಅಜ್ಜ, “ಕಾಣಲಿಲ್ಲ ಅನ್ನು, ಇಲ್ಲ ಅನ್ನಬ್ಯಾಡ. ಅದು ಹಾರಕ್ಕಿಂತ ಮೊದ್ಲು ಬಂಡೆ ಸಂದಿಗೆ ಓಡೋ ಹಕ್ಕಿ. ಸುಮ್ನೆ ಕುಂತು ತರಗೆಲೆ ಸದ್ದು ಕೇಳು ಮಗ” ಎಂದರು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬುದನ್ನು ನಾನು ತರಗತಿಯಲ್ಲಿ ಸೂತ್ರವಾಗಿ ಕಲಿತವನೇ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಎಷ್ಟು ಸಲ ಕಂಡಿತು, ಎಷ್ಟು ಸಲ ಕಾಣಲಿಲ್ಲ ಎಂಬುದರಿಂದ, ಇದ್ದೂ ಕಣ್ತಪ್ಪುವ ಸಂಭವವನ್ನು ಲೆಕ್ಕ ಹಾಕುವ ವಿಧಾನ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಬೆಳಗಿಗೇ ಆತುರಪಟ್ಟಿದ್ದೆ. ಅಜ್ಜ ತೋರಿಸಿದ ಬಂಡೆಗಳ ನಡುವೆ, ಕಾರೆ ಕಂಟಿಯ ಬುಡದಲ್ಲಿ ಇಟ್ಟ, ಅಲುಗಾಟ ಕಂಡರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಕೆಲವು ವಾರಗಳ ಬಳಿಕ ಜೋಡಿಯೊಂದು ಸಿಕ್ಕಿತು: ಕೆಂಗಂದು ಮೈಮೇಲೆ ಬಿಳಿ ಚುಕ್ಕೆಗಳ ಗಂಡು, ಪಕ್ಕದಲ್ಲಿ ತರಗೆಲೆ ಕೆದಕುತ್ತಿದ್ದ ಮಾಸಲು ಕಂದು ಹೆಣ್ಣು. ಚಿಟ್ಟುಕೋಳಿಯ ನೆಲೆಗಳ ನನ್ನ ನಕ್ಷೆಯಲ್ಲಿ ಆ ಇಳಿಜಾರು ಉಳಿದದ್ದು ಅಜ್ಜನಿಂದ.

ಇಂಥ ಮಾತನ್ನು ಕಿವಿಗೊಟ್ಟು ಕೇಳಬೇಕೆಂಬ ಪಾಠ ನಮ್ಮ ನೆರೆಯ ಆಂಧ್ರದಲ್ಲಿಯೇ ಇದೆ. 1900ರ ನಂತರ ಪಕ್ಷಿತಜ್ಞರಿಗೆ ಕಾಣದೆ, ಅಳಿದೇ ಹೋಯಿತೆಂದು ತಿಳಿಯಲಾಗಿದ್ದ ಜೆರ್ಡಾನ್ಸ್ ಕೋರ್ಸರ್ ಎಂಬ ಹಕ್ಕಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ 1986ರಲ್ಲಿ ಮತ್ತೆ ಸಿಕ್ಕಿತು. ತಜ್ಞರು ಅಳಿಯಿತೆಂದುಕೊಂಡಿದ್ದ ಆ ಹಕ್ಕಿಗೆ ಸ್ಥಳೀಯರ ಬಾಯಲ್ಲಿ ‘ಕಲಿವಿ ಕೋಡಿ’ ಎಂಬ ಹೆಸರೇ ಇತ್ತು. ಇರುಳಿನಲ್ಲಿ ಓಡಾಡುವ ಆ ಹಕ್ಕಿಯ ಇರವನ್ನು ತಿಳಿಯಲು ಸಂಶೋಧಕರು ನೆಲದಲ್ಲಿ ನುಣುಪು ಮಣ್ಣು ಹರಡಿ ಹೆಜ್ಜೆಗುರುತು ಹುಡುಕಿದರು, ಕೂಗನ್ನು ಕೇಳಿಸಿ ಮಾರುತ್ತರಕ್ಕೆ ಕಾದರು. ನಮ್ಮ ಚಿಟ್ಟುಕೋಳಿಗೆ ಜಾಗತಿಕ ಪಟ್ಟಿಯಲ್ಲಿ ಅಪಾಯದ ಮುದ್ರೆ ಬಿದ್ದಿಲ್ಲ. ಬೀಳುವ ಮೊದಲೇ ಅದರ ನೆಲೆಗಳನ್ನು ಗುರುತಿಸಿಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎರಡನೆಯ ಬೇಸಗೆಯ ಕಾಳ್ಗಿಚ್ಚಿನಲ್ಲಿ ನನ್ನ ಅಧ್ಯಯನದ ತಾಣಗಳಲ್ಲಿ ಹಲವು ಸುಟ್ಟುಹೋದವು. ನೆಲದಲ್ಲೇ ಮೊಟ್ಟೆಯಿಡುವ, ಎಲೆಯ ಹಾಸನ್ನು ಕೆದಕಿ ಹುಳು, ಕಾಳು ಹೆಕ್ಕಿ ತಿನ್ನುವ ಹಕ್ಕಿಗೆ ಆ ಬೆಂಕಿ ಗೂಡನ್ನೂ, ಊಟವನ್ನೂ, ಅಡಗುವ ಮರೆಯನ್ನೂ ಒಟ್ಟಿಗೇ ಕಸಿದುಕೊಳ್ಳುತ್ತದೆ. ಬೂದಿಯ ನಡುವೆ ನಿಂತು ಕೆಲಸವನ್ನೇ ಬಿಡುವ ಯೋಚನೆ ಮಾಡಿದ್ದೆ. ಎರಡು ರಾತ್ರಿ ಸೊಪ್ಪು ಬಡಿದು ಬೆಂಕಿ ಆರಿಸಿ, ಕೈಯ ಬೊಬ್ಬೆ ಇನ್ನೂ ಮಾಯದಿದ್ದಾಗಲೇ ನನ್ನೊಡನೆ ಬೆಟ್ಟ ಹತ್ತಿ ಉಳಿದ ಕ್ಯಾಮೆರಾಗಳನ್ನು ಹುಡುಕಿಕೊಟ್ಟ ಬೆಂಕಿ ಕಾವಲುಗಾರ ಅಣ್ಣಂದಿರಿಗೆ ನಾನು ಏನು ಹೇಳಿದರೂ ಸಾಲದು.

ಗಾಳಿಗೆ ಅಲುಗಾಡಿದ ಹುಲ್ಲಿನ ಸಾವಿರಾರು ಚಿತ್ರಗಳನ್ನು ಬೇಸರಿಸದೆ ಬೇರ್ಪಡಿಸಿದ ಗೆಳೆಯರಿಗೂ, ದಾವಣಗೆರೆಯ ಮನೆಯಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿಕೊಟ್ಟ ಅಮ್ಮನಿಗೂ ನಮಸ್ಕಾರಗಳು.

ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಭಾನುವಾರ ಅದನ್ನು ಹಟ್ಟಿಗೆ ಒಯ್ದು ಅಜ್ಜನ ಮುಂದೆ ಓದುತ್ತೇನೆ. ಬಡಗಣ ಇಳಿಜಾರಿನ ಬಗ್ಗೆ ಬರೆದದ್ದರಲ್ಲಿ ತಪ್ಪಿದ್ದರೆ ಅವರು ತಿದ್ದಿಕೊಡಬೇಕು.