ಗದ್ದಿ ನಾಯಿ ಸಾಕುವವರ ಮನೆಗೆ ದಾರಿ

ಮಾನ್ಯ ಸಂಪಾದಕರೇ,

ಹಿಮಾಚಲ ಪ್ರದೇಶದ ಗದ್ದಿ ಕುರಿಗಾಹಿಗಳ ನಾಯಿಗೆ ದೇಶಿ ತಳಿಯೆಂಬ ಅಧಿಕೃತ ಮಾನ್ಯತೆ ದೊರೆತ ಸುದ್ದಿ ಓದಿ, ಮರಿಯೊಂದನ್ನು ನೋಡಿಬರುವ ಆಸೆಯಿಂದ ಕಳೆದ ಜೂನ್‌ನಲ್ಲಿ ಪಠಾಣ್‌ಕೋಟ್‌ನಲ್ಲಿ ರೈಲಿಳಿದು, ಚಂಬಾದಿಂದ ರಾವಿ ನದಿಯ ದಂಡೆಗುಂಟ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಸಾಗಿ ಭರ್ಮೌರ್ ತಲುಪಿದೆ. ಮೊಬೈಲ್ ನಕ್ಷೆ ತೋರಿಸಿದ ಮನೆಯೇನೋ ಸಿಕ್ಕಿತು. ಆದರೆ ಬಾಗಿಲಿಗೆ ಬೀಗವಿತ್ತು. ಬೇಸಿಗೆಯಲ್ಲಿ ಮಂದೆಯೊಂದಿಗೆ ಎತ್ತರದ ಹುಲ್ಲುಗಾವಲಿಗೆ ಏರಿ, ಚಳಿಗಾಲಕ್ಕೆ ಕಾಂಗ್ರಾ ಕಡೆಯ ತಗ್ಗಿಗೆ ಇಳಿಯುವವರಿಗೆ ವರ್ಷವಿಡೀ ಒಂದೇ ವಿಳಾಸ ಎಲ್ಲಿಂದ ಬರಬೇಕು? ನಮ್ಮ ಕಡೆಯ ಕುರಿಗಾಹಿಗಳ ಸಂಚಾರವನ್ನು ಕಂಡ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಚಹಾದಂಗಡಿಯ ಹಿರಿಯರು ಹೇಳಿದ ಗುರುತು ಹಿಡಿದು ಮರುದಿನ ನಾಲ್ಕು ತಾಸು ಬೆಟ್ಟ ಹತ್ತಿದಾಗ, ಚಿರತೆ ಬಾಯಿ ಹಾಕದಂತೆ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ತೊಟ್ಟ ನಾಯಿಯೇ ಮೊದಲು ಎದುರಾಯಿತು.

ಮುಧೋಳ ತಳಿಯನ್ನು ಹುಡುಕುವವರಿಗೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವೆಂಬ ಠಿಕಾಣಿಯಾದರೂ ಇದೆ. ಗದ್ದಿ ಸಾಕಣೆದಾರರ ಒಪ್ಪಿಗೆ ಪಡೆದು, ಯಾವ ತಿಂಗಳಲ್ಲಿ ಯಾವ ಮಂದೆ ಎಲ್ಲಿರುತ್ತದೆ ಎಂಬ ಮಾಹಿತಿಯನ್ನು ಅಲ್ಲಿನ ಪಶು ಆಸ್ಪತ್ರೆಗಳಲ್ಲಿ ದೊರಕಿಸಿದರೆ, ಆಸಕ್ತರು ದಲ್ಲಾಳಿಗಳ ಕೈಗೆ ಸಿಲುಕದೆ ನೇರವಾಗಿ ಅವರನ್ನು ತಲುಪಬಹುದು.

ಇಂತಿ,
ಓದುಗ, ಧಾರವಾಡ