ಸ್ಕೋಪ್ ಅಂದಿದ್ದು ಬೇರೆ ಯಾವುದಕ್ಕೋ

ಗೆಳೆಯಾ,

ಮೊನ್ನೆ ರಾತ್ರಿ ನಿನ್ನ ತಂಗಿ ಫೋನ್ ಮಾಡಿದ್ದಳು. "ಅವನನ್ನೇ ಕೇಳು, ಅವನಿಗೆ ಗೊತ್ತು" ಅಂತ ನೀನೇ ನಂಬರ್ ಕೊಟ್ಟೆಯಂತೆ. ಡಿಗ್ರಿಯ ಎರಡು ಮೇಜರ್‌ಗಳ, ಅಂದರೆ ಮುಖ್ಯ ವಿಷಯಗಳ, ನಡುವೆ ಸಿಕ್ಕಿಕೊಂಡಿದ್ದಾಳೆ. ಒಂದು ಅರ್ಥಶಾಸ್ತ್ರದ ಜೊತೆ ಎಕನಾಮೆಟ್ರಿಕ್ಸ್ (ಅಂಕಿಅಂಶ ಇಟ್ಟುಕೊಂಡು ಅರ್ಥಶಾಸ್ತ್ರದ ಮಾತುಗಳನ್ನು ಪರೀಕ್ಷಿಸುವ ವಿಷಯ), ಇನ್ನೊಂದು ಅರ್ಥಶಾಸ್ತ್ರದ ಜೊತೆ ಫೈನಾನ್ಸ್. ಶುಕ್ರವಾರದೊಳಗೆ ಫಾರ್ಮ್ ಕೊಡಬೇಕಂತೆ. ನಾನು ಯೋಚನೆಯನ್ನೇ ಮಾಡಲಿಲ್ಲ. "ಫೈನಾನ್ಸ್ ತಗೋ ಪುಟ್ಟಾ, ಅದಕ್ಕೆ ಸ್ಕೋಪ್ ಜಾಸ್ತಿ" ಅಂದುಬಿಟ್ಟೆ. ಅವಳು "ಸರಿ ಅಣ್ಣ" ಅಂದಳು. ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದಳು. "ನೀವೂ ಅದಕ್ಕೇ ತಗೊಂಡ್ರಾ?"

"ಹೂಂ" ಅಂದೆ.

ಆ ಹೂಂ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅದಕ್ಕೇ ಈ ಪತ್ರ. ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಇಂಥದ್ದೇ ಫಾರ್ಮ್ ಮುಂದಿಟ್ಟುಕೊಂಡು ಕೂತ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರಿಗೂ ಹೀಗೆ ಥಟ್ಟನೆ ಉತ್ತರ ಕೊಡುವ ಅಣ್ಣನೋ ಅಕ್ಕನೋ ಇದ್ದೇ ಇರುತ್ತಾರೆ. ಎಲ್ಲರೂ ಓದಲಿ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ನೀನು ಹೆದರಬೇಡ.

ಅವಳಿಗೆ ನಾನು ಮೊದಲು ಹೇಳಬೇಕಿದ್ದದ್ದು ಇದು. ಹೆಸರು ನೋಡಬೇಡ, ಪ್ರಶ್ನೆ ನೋಡು. ಮೊದಲ ವರ್ಷ ಎರಡರಲ್ಲೂ ಬಹುಮಟ್ಟಿಗೆ ಅದೇ ಮೈಕ್ರೋ, ಅದೇ ಮ್ಯಾಕ್ರೋ, ಅದೇ ಸ್ಟ್ಯಾಟಿಸ್ಟಿಕ್ಸ್. ಆಮೇಲೆ ದಾರಿ ಕವಲೊಡೆಯುತ್ತದೆ. ಫೈನಾನ್ಸ್ ಕೇಳುವ ಪ್ರಶ್ನೆ, ಮುಂದೆಂದೋ ಬರುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು? ಆ ಹಣ ಬಾರದೇ ಹೋಗುವ ಅಪಾಯ ಎಷ್ಟು, ಅದಕ್ಕೆ ಎಷ್ಟು ಕಳೆಯಬೇಕು? ಎಕನಾಮೆಟ್ರಿಕ್ಸ್ ಕೇಳುವುದು ಬೇರೆ. ಇದರಿಂದಲೇ ಅದು ಆಯಿತು ಅಂತ ನಿನಗೆ ಹೇಗೆ ಗೊತ್ತು?

ಒಂದು ಉದಾಹರಣೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ವೇತನ ಏರಿದರೆ ಕೆಲಸ ಹೋಗುತ್ತದೆ ಅಂತ ಪಾಠದಲ್ಲಿ ಓದಿದವರೆಲ್ಲ ಹೇಳುತ್ತಿದ್ದರು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಗಡಿಯ ಈಚೆ ಆಚೆ ಇದ್ದ ಫಾಸ್ಟ್‌ಫುಡ್ ಅಂಗಡಿಗಳಲ್ಲಿದ್ದ ಕೆಲಸಗಳನ್ನು, ಏರಿಕೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಎಣಿಸಿ ನೋಡಿದರು. ನ್ಯೂಜೆರ್ಸಿಯಲ್ಲಿ ಕೆಲಸಗಳು ಕಡಿಮೆಯಾಗಿರಲಿಲ್ಲ. ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು. ಅಷ್ಟರಲ್ಲಿ ಕ್ರೂಗರ್ ತೀರಿಕೊಂಡಿದ್ದರು. ಎಲ್ಲರೂ ಹೌದು ಹೌದು ಅನ್ನುತ್ತಿದ್ದ ಒಂದು ಮಾತನ್ನು ನಿಲ್ಲಿಸಿ ಕೇಳುವ ಧೈರ್ಯ ಇದೆಯಲ್ಲ, ಅದಕ್ಕೆ ಈ ವಿಷಯದಲ್ಲಿ ಒಂದು ಪದ್ಧತಿಯೇ ಇದೆ.

ನಿನ್ನ ತಂಗಿ ಫೋನಿನಲ್ಲಿ ಹೇಳಿದ್ದಳು ಕಣೋ. "ಅಣ್ಣ, ನಂಬರ್ ಸುಳ್ಳು ಹೇಳ್ತಿದ್ಯಾ ಅಂತ ಹಿಡಿಯೋದು ನಂಗಿಷ್ಟ" ಅಂತ. ಆ ಮಾತಿನ ಮೇಲೆ ನಾನು ಒಂದು ಕ್ಷಣವೂ ನಿಲ್ಲಲಿಲ್ಲ. ಸ್ಕೋಪ್ ಅಂದೆ, ಮುಂದೆ ಹೋದೆ.

ಸರಿ, ಸ್ಕೋಪ್ ವಿಷಯಕ್ಕೇ ಬರೋಣ. ಕೆಲಸದ ಚಿಂತೆ ಕೀಳು ಚಿಂತೆ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮನೆಯ ಭಾರ ಹೊರಬೇಕಾದವರಿಗೆ ಅದೇ ಮೊದಲ ಚಿಂತೆ. ಆದರೆ ಇವತ್ತು ಕಾಣುವ ಸ್ಕೋಪ್ ಇವತ್ತಿನದು. ಅವಳು ಓದು ಮುಗಿಸಿ ಹೊರಬರುವುದು ಮುಂದೆ ಯಾವತ್ತೋ. ಇದಕ್ಕೆ ನಮ್ಮ ಪಾಠದಲ್ಲೇ ಒಂದು ಹೆಸರಿತ್ತು, ನೆನಪಿದೆಯಾ? ಜೇಡರ ಬಲೆ. ಈ ವರ್ಷ ಬೆಳೆಗೆ ಒಳ್ಳೆ ಬೆಲೆ ಬಂತು ಅಂತ ಎಲ್ಲ ರೈತರೂ ಅದನ್ನೇ ಬಿತ್ತುತ್ತಾರೆ. ಕಟಾವಿನ ಹೊತ್ತಿಗೆ ಮಾರುಕಟ್ಟೆ ತುಂಬಿ ಬೆಲೆ ಬೀಳುತ್ತದೆ. ಮುಂದಿನ ವರ್ಷ ಯಾರೂ ಬಿತ್ತುವುದಿಲ್ಲ, ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1934ರಲ್ಲಿ ಇದಕ್ಕೆ ಆ ಹೆಸರಿಟ್ಟರು. 1970ರ ದಶಕದಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ ಇದೇ ಬಲೆಯನ್ನು ಎಂಜಿನಿಯರ್‌ಗಳ ಸಂಬಳದಲ್ಲಿ ತೋರಿಸಿದರು. ಸಂಬಳ ಚೆನ್ನಾಗಿದ್ದ ವರ್ಷ ಜಾಸ್ತಿ ಜನ ಸೇರುತ್ತಾರೆ, ಎಲ್ಲರೂ ಒಟ್ಟಿಗೇ ಹೊರಬರುತ್ತಾರೆ, ಆಗ ಸಂಬಳ ಇಳಿಯುತ್ತದೆ. ಫೈನಾನ್ಸ್ ಉತ್ತುಂಗದಲ್ಲಿದ್ದಾಗ ಸೇರಿ 2008ರ ಕೊನೆಗೆ, ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ ಹೊತ್ತಿಗೆ, ಡಿಗ್ರಿ ಹಿಡಿದು ಹೊರಬಂದವರನ್ನು ನೆನೆದುಕೋ. ಅವರೂ ಸ್ಕೋಪ್ ನೋಡಿಯೇ ಸೇರಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವಳಿಗೆ ಆ ಒಂದು ಪದ ಹೇಳಿ ಮುಗಿಸಿದೆ. ಯಾಕೆ ಅಂತ ಯೋಚಿಸುತ್ತಾ ಆ ರಾತ್ರಿ ಒಂದು ಸಂಶೋಧನಾ ಪ್ರಬಂಧ ತೆಗೆದು ಕೂತೆ. ಝಕಾರಿ ಬ್ಲೀಮರ್ ಮತ್ತು ಆಶಿಶ್ ಮೆಹ್ತಾ 2022ರಲ್ಲಿ ಪ್ರಕಟಿಸಿದ್ದು. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮೇಜರ್ ಬೇಕಾದರೆ ಆರಂಭದ ಕೋರ್ಸ್‌ಗಳಲ್ಲಿ ನಾಲ್ಕಕ್ಕೆ ಸರಾಸರಿ 2.8 ಗ್ರೇಡ್ ಬರಬೇಕಿತ್ತು. ಆ ಗೆರೆಯನ್ನು ಸ್ವಲ್ಪದರಲ್ಲಿ ದಾಟಿದವರು, ಸ್ವಲ್ಪದರಲ್ಲಿ ದಾಟದವರು ಓದಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ. ಆದರೆ ಒಬ್ಬರಿಗೆ ಆ ಮೇಜರ್ ಸಿಕ್ಕಿತು, ಇನ್ನೊಬ್ಬರು ಬೇರೆ ಮೇಜರ್‌ಗೆ ಹೋದರು. ಹೀಗೆ ಹೋಲಿಸಿ ನೋಡಿದರೆ ಅರ್ಥಶಾಸ್ತ್ರ ಸಿಕ್ಕವರ ಶುರುವಿನ ವರ್ಷಗಳ ಸಂಬಳ 46% ಜಾಸ್ತಿ. ಅದರಲ್ಲಿ ಸುಮಾರು ಅರ್ಧ ಬಂದದ್ದು, ಅವರು ಜಾಸ್ತಿ ಸಂಬಳ ಕೊಡುವ ಉದ್ಯಮಗಳಿಗೆ ಹೋದದ್ದರಿಂದ.

ಎಷ್ಟು ಚೆಂದದ ಉಪಾಯ ಅಲ್ವಾ? ಯಾವ ಮೇಜರ್‌ಗೆ ಜಾಸ್ತಿ ಸಂಬಳ ಅಂತ ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ಮೊದಲೇ ಚುರುಕಾಗಿದ್ದವರು ಆ ಮೇಜರ್ ತಗೊಂಡರೋ, ಮೇಜರ್‌ನಿಂದ ಸಂಬಳ ಬಂತೋ, ಇದನ್ನು ಬಿಡಿಸಿ ಹೇಳಲು ಎಕನಾಮೆಟ್ರಿಕ್ಸ್ ಬೇಕೇ ಬೇಕು. ಪ್ರಬಂಧದ ಅರ್ಧದಲ್ಲಿ ಸಮೀಕರಣಗಳು ಶುರುವಾದವು. ನಾನು ಪುಟ ತಿರುಗಿಸಿದೆ. ಉತ್ತರ ಓದಿದೆ, ಉತ್ತರ ಸರಿಯೇ ಅಂತ ನೋಡಲು ನನಗೆ ಬರಲಿಲ್ಲ. ಪುಟ ತಿರುಗಿಸಿದ ಆ ಬೆರಳು ನನಗೆ ತುಂಬಾ ಹಳೆಯ ಪರಿಚಯದ್ದು ಅನಿಸಿತು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಾನು ಮೊದಲು ಸೇರಿದ್ದು ಎಕನಾಮೆಟ್ರಿಕ್ಸ್‌ಗೆ. ಮೂರು ವಾರ ಕೂತೆ. ಮೊದಲ ಟೆಸ್ಟ್‌ನಲ್ಲಿ ಲೀಸ್ಟ್ ಸ್ಕ್ವೇರ್ಸ್ ಸೂತ್ರ (ಅಂಕಿಗಳಿಗೆ ಅತ್ಯಂತ ಹೊಂದುವ ಗೆರೆ ಎಳೆಯುವ ಲೆಕ್ಕ) ಎಲ್ಲಿಂದ ಬಂತು ಅಂತ ಮ್ಯಾಟ್ರಿಕ್ಸ್‌ನಲ್ಲಿ ಸಾಧಿಸಿ ತೋರಿಸಬೇಕಿತ್ತು. ನಲವತ್ತಕ್ಕೆ ಏಳು ಬಂತು. ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಡಿಕ್ಷನರಿಯೊಳಗೆ ಇಟ್ಟೆ. ಸೋಮವಾರ ಆಫೀಸಿಗೆ ಹೋಗಿ ಮೇಜರ್ ಬದಲಿಸಿದೆ. ಫಾರ್ಮ್‌ನಲ್ಲಿ ಕಾರಣ ಬರೆಯಲು ಒಂದು ಗೆರೆ ಇತ್ತು. "ಉದ್ಯೋಗಾವಕಾಶ" ಅಂತ ಬರೆದೆ. ಗುಮಾಸ್ತರು ತಲೆಯಾಡಿಸಿ ಸೀಲ್ ಒತ್ತಿದರು. ಅಷ್ಟು ಸುಲಭವಾಗಿ ಯಾರೂ ನನ್ನ ಮಾತು ನಂಬಿರಲಿಲ್ಲ.

ಹೆದರಿದ್ದೆ ಕಣೋ. ಬೇರೆ ಏನೂ ಅಲ್ಲ. ಆ ಹೆದರಿಕೆಗೆ ಸ್ಕೋಪ್ ಅಂತ ಹೆಸರಿಟ್ಟೆ, ಆಮೇಲೆ ಆ ಹೆಸರೇ ನಿಜ ಅಂತ ನನಗೂ ಅನಿಸತೊಡಗಿತು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಮರುವರ್ಷ ನಿನ್ನ ಸರದಿ ಬಂತು. ನಿನ್ನ ಹಳದಿ ನೋಟ್‌ಬುಕ್ ನೆನಪಿದೆ ನನಗೆ. ಬಸ್ ಬಂದ ಸಮಯ ದಿನಾ ಬರೆದಿಟ್ಟು, ನಾಳೆ ಎಷ್ಟು ನಿಮಿಷ ತಡ ಆಗಬಹುದು ಅಂತ ಲೆಕ್ಕ ಹಾಕುತ್ತಿದ್ದವನು ನೀನು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಲೆಕ್ಕ ನಿನಗೆ ಆಟ ಇದ್ದ ಹಾಗೆ. ಅಂಥವನು ಬಂದು "ಯಾವುದು ತಗೊಳ್ಲಿ?" ಅಂತ ಕೇಳಿದಾಗ ನಾನು ಅದೇ ಮಾತು ಹೇಳಿದೆ. "ಫೈನಾನ್ಸ್ ತಗೋ, ಸ್ಕೋಪ್ ಇದೆ." ನಿನಗೆ ಒಳ್ಳೆಯದಾಗಲಿ ಅಂತ ಹೇಳಿದೆನೋ, ನಾನು ಬಿಟ್ಟು ಬಂದ ಕಡೆ ನೀನು ಗೆದ್ದುಬಿಟ್ಟರೆ ನೋಡಲಾಗುವುದಿಲ್ಲ ಅಂತ ಹೇಳಿದೆನೋ, ಇವತ್ತಿಗೂ ನನಗೆ ಬಿಡಿಸಿ ಹೇಳಲು ಆಗುತ್ತಿಲ್ಲ. ಎರಡನೆಯದೂ ಇತ್ತು ಅನ್ನುವುದು ಮಾತ್ರ ಖಂಡಿತ. ಈಗ ನಿನ್ನ ತಂಗಿಗೂ ಅದನ್ನೇ ಹೇಳಿದ್ದೇನೆ. ಒಂದೇ ಮನೆಯ ಇಬ್ಬರಿಗೆ.

ಕ್ಷಮಿಸು.

ಫೈನಾನ್ಸ್ ಕೆಟ್ಟದ್ದು ಅಂತ ಇದರರ್ಥ ಅಲ್ಲ. ಒಂದು ಕಂಪನಿ ಲಾಭ ತೋರಿಸುತ್ತಿರುತ್ತದೆ, ಆದರೆ ಕ್ಯಾಶ್ ಫ್ಲೋ ನೋಡಿದರೆ ಕೈಗೆ ದುಡ್ಡು ಬರುತ್ತಲೇ ಇಲ್ಲ ಅಂತ ಗೊತ್ತಾಗುವ ಕ್ಷಣ ಇದೆಯಲ್ಲ, ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನೀನೂ ನಿನ್ನ ಕೆಲಸ ಪ್ರೀತಿಸುತ್ತೀಯ ಅಂತ ಗೊತ್ತು. ಬೆಲೆ ಕಟ್ಟುವ ಪ್ರಶ್ನೆ ಅವಳನ್ನು ಸೆಳೆದರೆ ಅವಳು ಅದನ್ನೇ ತಗೊಳ್ಳಲಿ, ನಾನು ಚಪ್ಪಾಳೆ ತಟ್ಟುತ್ತೇನೆ. ಆದರೆ ನನ್ನ ಹೆದರಿಕೆಯನ್ನು ಅವಳು ಹೊರುವುದು ಬೇಡ.

ಕೆಲಸದ ಲೆಕ್ಕದಲ್ಲೂ ನನ್ನ ಅಭಿಪ್ರಾಯ ಈಗ ಬೇರೆ. ಬ್ಯಾಲೆನ್ಸ್ ಶೀಟ್ ಓದುವುದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಸಿಎಫ್ಎ ಅನ್ನುವ ಫೈನಾನ್ಸ್ ಪರೀಕ್ಷೆಗಳನ್ನು ಕೆಲಸ ಮಾಡುತ್ತಲೇ ಬರೆಯುವವರು ಎಷ್ಟೋ ಜನ. ಮ್ಯಾಟ್ರಿಕ್ಸ್ ಹಾಗಲ್ಲ. ಅದನ್ನು ಸಂಜೆ ಆಫೀಸಿನಿಂದ ಬಂದು ಒಬ್ಬನೇ ಕೂತು ಕಲಿಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಎರಡು ಸಲ ಶುರು ಮಾಡಿ ಬಿಟ್ಟಿದ್ದೇನೆ. ಎಕನಾಮೆಟ್ರಿಕ್ಸ್ ಕಲಿತವರಿಗೆ ಕೇಂದ್ರೀಯ ಬ್ಯಾಂಕು, ನೀತಿ ಸಂಶೋಧನೆ, ಡೇಟಾ ಕೆಲಸ ಎಲ್ಲ ತೆರೆದಿರುತ್ತದೆ, ಫೈನಾನ್ಸ್ ಬಾಗಿಲೂ ಮುಚ್ಚುವುದಿಲ್ಲ. ಆ ಕಡೆಯಿಂದ ಈ ಕಡೆ ಬರುವುದು ಸುಲಭ, ಈ ಕಡೆಯಿಂದ ಆ ಕಡೆ ಹೋಗುವುದು ಕಷ್ಟ. ಮನಸ್ಸು ಎರಡರಲ್ಲೂ ಸಮ ಇದ್ದರೆ ಇದೊಂದನ್ನು ತಕ್ಕಡಿಗೆ ಹಾಕಲಿ.

ಆಮೇಲೆ ಒಂದು ಕಥೆಯನ್ನೂ ಅವಳಿಗೆ ಹೇಳು. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಪೋರ್ಟ್‌ಫೋಲಿಯೋ, ಅಂದರೆ ಒಬ್ಬರ ಎಲ್ಲ ಹೂಡಿಕೆಗಳ ಗಂಟು, ಅದರ ಬಗ್ಗೆ ಬರೆದರು, ಅಪಾಯ ಮತ್ತು ಲಾಭವನ್ನು ಒಟ್ಟಿಗೆ ಅಳೆಯುವ ಲೆಕ್ಕ. ಪಿಎಚ್‌ಡಿ ಪರೀಕ್ಷೆಯಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ "ಇದು ಅರ್ಥಶಾಸ್ತ್ರವೇ ಅಲ್ಲ" ಅಂತ ವಾದಿಸಿದರಂತೆ. ಅದೇ ಕೆಲಸಕ್ಕೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ಎರಡು ಮೇಜರ್‌ಗಳ ನಡುವಿನ ಗೋಡೆ ಅಷ್ಟೇನೂ ದಪ್ಪ ಇಲ್ಲ. ಒಂದನ್ನು ತಗೊಂಡು ಇನ್ನೊಂದರ ಎರಡು ಕೋರ್ಸ್ ಆರಿಸಿಕೊಳ್ಳಲು ಅವಕಾಶ ಇದೆಯಾ ಅಂತ ಅವಳು ಮೊದಲು ಕೇಳಲಿ.

ನಾಳೆ ಸಂಜೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ. ಡಿಕ್ಷನರಿ ಇನ್ನೂ ನನ್ನ ಹತ್ತಿರ ಇದೆ, ಅದರೊಳಗಿನ ಕಾಗದವೂ ಇದೆ. ಅದರ ಫೋಟೋ ತೆಗೆದು ಅವಳಿಗೆ ಕಳಿಸುತ್ತೇನೆ, ಹೆದರಿಕೆ ನೋಡಲು ಹೇಗಿರುತ್ತದೆ ಅಂತ ಗೊತ್ತಾಗಲಿ.

ಅಯ್ಯೋ, ಎಷ್ಟು ಬರೆದುಬಿಟ್ಟೆ. ನೀನು ಇದನ್ನು ಓದುತ್ತಾ ಮೂಗು ಉಜ್ಜಿಕೊಳ್ಳುತ್ತಿರುತ್ತೀಯ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಸಾಕು ಬಿಡು. ಹಳದಿ ನೋಟ್‌ಬುಕ್ ಇದ್ದರೆ ಹುಡುಕಿ ಅವಳ ಕೈಗೆ ಕೊಡು. ಹನ್ನೊಂದನೇ ಪುಟ ಮಾತ್ರ ಮೊದಲೇ ಹರಿದಿಟ್ಟುಕೋ.

ನಿನ್ನವನೇ